ಲೋದಾ ಅತ್ತೆಯ ‘ಒಪ್ಪೋದಿಲ್ಲ’

ಲೋದಾ ಅತ್ತೆ ಗಲ್ಲದ ಕೆಳಗಿನ ಸ್ಕಾರ್ಫಿನ ಗಂಟಿಗೆ ಕೈ ಹಾಕಿದಳೆಂದರೆ ನಾರೆವ್ ನದಿ ಹರಿಯುವುದನ್ನು ಒಂದು ಗಳಿಗೆ ನಿಲ್ಲಿಸಿ ಈ ಕಡೆಗೆ ಕಿವಿ ಕೊಡುತ್ತದೆಂದು ಸರ್ನೊವೊದ ಜನ ಹೇಳುತ್ತಾರೆ. ಗಂಟು ಬಿಚ್ಚಿಕೊಂಡಾಗ, ಆಫ್ರಿಕಾದಿಂದ ವಾಪಸು ಹೊರಟ ಕೊಕ್ಕರೆಗಳು ಆಕಾಶದ ನಡುವೆಯೇ ರೆಕ್ಕೆ ಮಡಚಿ ಯೋಚನೆಗೆ ಬೀಳುತ್ತವೆ. ಅವಳು ಗಂಟನ್ನು ಮತ್ತೆ ಬಿಗಿದು, ಎರಡು ತುದಿಗಳನ್ನೂ ಸಮನಾಗಿ ಎಳೆದು, ಒಮ್ಮೆ ಕೆಮ್ಮಿ ಎದ್ದು ನಿಂತಾಗ ವಾರ್ಸಾದಲ್ಲಿ ಯಾವನೋ ಮಂತ್ರಿಯ ಕೈಯಿಂದ ಚಹದ ಲೋಟ ಜಾರುತ್ತದೆ. ಆಮೇಲೆ ಬರುವ ಮಾತು ಒಂದೇ: “ಒಪ್ಪೋದಿಲ್ಲ.” ಅಲ್ಲಿಗೆ ಮುಗಿಯಿತು. ಅಗ್ನಿಶಾಮಕ ಠಾಣೆಯ ಹಾಲಿನಲ್ಲಿ ಕುರ್ಚಿಗಳು ಪಟಪಟನೆ ಮಡಚಿಕೊಳ್ಳುತ್ತವೆ, ದೀಪ ಆರುತ್ತದೆ, ಊರ ಸಭೆ ಮುಂದಿನ ವರ್ಷಕ್ಕೆ ಹೋಗುತ್ತದೆ.

ನದಿ, ಕೊಕ್ಕರೆ ಮತ್ತು ಮಂತ್ರಿಯ ವಿಷಯವನ್ನು ನಂಬದಿದ್ದರೂ ನಡೆಯುತ್ತದೆ. ಕುರ್ಚಿಗಳ ವಿಷಯ ಮಾತ್ರ ಅಕ್ಷರಶಃ ನಿಜ.

ಸರ್ನೊವೊ ಪೋಲೆಂಡಿನಲ್ಲಿ ಮೂವತ್ತೆರಡು ಮನೆಗಳ ಊರು. ಮೂವತ್ತೆರಡರಲ್ಲೂ ಇರುವವರು ಸರ್ನೊವ್ಸ್ಕಿಗಳು, ಮೂವತ್ತೆರಡೂ ಕುಲೀನರ ಮನೆಗಳು. ಐನೂರು ವರ್ಷಗಳ ಹಿಂದೆ ಯಾವನೋ ದೊರೆ ಯಾವುದೋ ಯುದ್ಧ ಗೆದ್ದ ಖುಷಿಯಲ್ಲಿ ಇವರ ಮೂಲಪುರುಷನಿಗೆ ಒಂದು ಲಾಂಛನ, ಒಂದು ಕತ್ತಿ, ಒಂದಿಷ್ಟು ಮರಳು ನೆಲ ಕೊಟ್ಟ. ಮಕ್ಕಳು ಮೊಮ್ಮಕ್ಕಳು ಪಾಲು ಮಾಡಿಕೊಳ್ಳುತ್ತಾ ಹೋದಂತೆ ನೆಲ ಚೂರುಚೂರಾಯಿತು. ಲಾಂಛನವನ್ನು ಮಾತ್ರ ಪಾಲು ಮಾಡಲಾಗುವುದಿಲ್ಲವಲ್ಲ, ಅದು ಎಲ್ಲರಿಗೂ ಇಡಿಯಾಗಿಯೇ ದಕ್ಕಿತು. ಹೀಗಾಗಿ ಸರ್ನೊವೊದ ಗಂಡಸರು ಸೊಂಟಕ್ಕೆ ಕತ್ತಿ ಕಟ್ಟಿಕೊಂಡೇ ಗೊಬ್ಬರ ಹೇರಿದರು. ಕಬ್ಬಿಣದ್ದು ಕೊಳ್ಳಲು ಗತಿಯಿಲ್ಲದವನು ಮರದ ಕತ್ತಿ ಕಟ್ಟಿದ. ಆದರೆ ಪಕ್ಕದ ಊರಿನ ರೈತ ಎದುರಾದರೆ ಮೊದಲು ಟೋಪಿ ತೆಗೆಯಬೇಕಾದವನು ಆ ರೈತನೇ.

ಎಲ್ಲರ ಮನೆತನದ ಹೆಸರೂ ಒಂದೇ ಆದ್ದರಿಂದ ಅಡ್ಡಹೆಸರಿಲ್ಲದೆ ಟಪಾಲು ಕೂಡ ಬರುವುದಿಲ್ಲ. ಊರ ಮುಖಂಡ ಅನಾತೊಲ್‌ನದು ಸುತ್ತಿಗೆ ಮನೆ. ಹಾಲಿನ ಟ್ಯಾಂಕರ್ ಓಡಿಸುವ ಗೆನೆಕ್‌ನದು ಗಡ್ಡದ ಮನೆ. ಚಾವಣಿಯ ಮೇಲೆ ಕೊಕ್ಕರೆ ಗೂಡಿರುವ ಕಾರಣ ಲೋದಾ ಅತ್ತೆಯದು ಕೊಕ್ಕರೆ ಮನೆ. ಚರ್ಚಿನ ದಾಖಲೆಯಲ್ಲಿ ಅವಳು ಲಿಯೊಕಾಡಿಯಾ ಸರ್ನೊವ್ಸ್ಕಾ. ವಯಸ್ಸು ಎಪ್ಪತ್ತು. ಎರಡು ಹಸು, ಹದಿನಾಲ್ಕು ಜೇನುಪೆಟ್ಟಿಗೆ. ಗಂಡನಿಲ್ಲ, ಮಕ್ಕಳಿಲ್ಲ. ಆದರೆ ಊರಿಗೆಲ್ಲ ಅತ್ತೆ.

ಊರಿಗೆ ಸೇರಿದ ಗೋಮಾಳ, ಕೆರೆ, ಕಾಡಿನ ತುಂಡು ಇವುಗಳ ಬಗ್ಗೆ ತೀರ್ಮಾನಿಸಲು ವರ್ಷಕ್ಕೊಮ್ಮೆ ಸಭೆ. ಸರ್ಕಾರದ ಕಾನೂನಿನ ಪ್ರಕಾರ ಅಲ್ಲಿ ಬಹುಮತ ಸಾಕು. ಆದರೆ ಸರ್ನೊವೊದ ಕುಲೀನರಿಗೆ ಸರ್ಕಾರದ ಕಾನೂನು ನಿನ್ನೆ ಮೊನ್ನೆ ಬಂದದ್ದು. ಅವರದು ಹಳೆಯ ಪೋಲೆಂಡಿನ ಮಹಾಸಭೆಯ ಪದ್ಧತಿ. ಮೂವತ್ತೆರಡು ಮನೆಯೂ ಒಪ್ಪಬೇಕು. ಒಂದು ಮನೆ ‘ಒಪ್ಪೋದಿಲ್ಲ’ ಅಂದರೂ ಆ ವಿಷಯ ಬಿದ್ದುಹೋಗುತ್ತದೆ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಅಂದು ಬೆಳಗಿನಿಂದ ಒಪ್ಪಿದ್ದ ಮಿಕ್ಕೆಲ್ಲ ತೀರ್ಮಾನಗಳೂ ಅದರ ಜೊತೆಗೆ ಬಿದ್ದುಹೋಗುತ್ತವೆ.

ಲೋದಾ ಅತ್ತೆ ಹೀಗೆ ಹತ್ತೊಂಬತ್ತು ಸಭೆಗಳನ್ನು ಮಲಗಿಸಿದ್ದಾಳೆ. ಬೀದಿದೀಪ ಬೇಡವೆಂದಳು, ಜೇನುಹುಳಗಳಿಗೆ ನಿದ್ದೆ ಕೆಡುತ್ತದೆಂದು. ಕೆರೆಯ ಹೂಳು ತೆಗೆಯುವುದು ಬೇಡವೆಂದಳು, ಯಾಕೆಂದು ಹೇಳಲಿಲ್ಲ. ಹಳೆಯ ಅಗ್ನಿಶಾಮಕ ಗಾಡಿಯೊಂದನ್ನು ಅಗ್ಗಕ್ಕೆ ಕೊಳ್ಳುವುದು ಬೇಡವೆಂದಳು. ಅದನ್ನು ಪಕ್ಕದ ಊರಿನವರು ಕೊಂಡರು, ಮೂರನೇ ತಿಂಗಳಿಗೆ ಅದಕ್ಕೇ ಬೆಂಕಿ ಹತ್ತಿತು. ಆ ಒಂದು ಗಾಡಿಯ ಬಲದ ಮೇಲೆ ಅವಳು ಮುಂದಿನ ಆರು ಸಭೆಗಳನ್ನು ನಿರಾಯಾಸವಾಗಿ ಮುರಿದಳು. ಹೋದ ವರ್ಷ ಊರಿನವರು ಉಪಾಯ ಮಾಡಿ, ಅವಳು ಕಣ್ಣಿನ ಆಪರೇಷನ್ನಿಗೆ ಬಿಯಾವಿಸ್ತೋಕ್‌ಗೆ ಹೋಗುವ ದಿನವೇ ಸಭೆ ಇಟ್ಟುಕೊಂಡರು. ಅವಳು ಆಸ್ಪತ್ರೆಯ ಬಾಗಿಲಿನಿಂದಲೇ ತಿರುಗಿ, ತರಕಾರಿ ಲಾರಿ ಹತ್ತಿ ಬಂದು, ಪೊರೆಗಣ್ಣಿನಲ್ಲೇ ಠಾಣೆಯ ಬಾಗಿಲು ತಡಕಿ ಒಳಗೆ ಕಾಲಿಟ್ಟು, ಏನು ವಿಷಯವೆಂದು ಸಹ ಕೇಳದೆ ಗಂಟಿಗೆ ಕೈ ಹಾಕಿದಳು.

ಇದೆಲ್ಲ ಬರೀ ಹಟವೆಂದರೆ ಅವಳಿಗೆ ಅನ್ಯಾಯ ಮಾಡಿದಂತೆ. ಐವತ್ತೆರಡನೇ ಇಸವಿಯಲ್ಲಿ ಕಮ್ಯುನಿಸ್ಟ್ ಸರ್ಕಾರದ ಚರ್ಮದ ಕೋಟಿನ ಅಧಿಕಾರಿಗಳು ಬಂದು, ಎಲ್ಲರ ಹೊಲವನ್ನೂ ಒಟ್ಟು ಮಾಡಿ ಸಾಮೂಹಿಕ ಬೇಸಾಯ ಮಾಡಿ ಎಂದು ಇದೇ ಊರ ಸಭೆ ಕರೆದಿದ್ದರು. ಮೂವತ್ತೊಂದು ಮನೆಯವರು ನೆಲ ನೋಡುತ್ತಾ ತಲೆಯಾಡಿಸಿದರು. ಲೋದಾಳ ಅಪ್ಪ ಒಬ್ಬನೇ ಎದ್ದು ‘ಒಪ್ಪೋದಿಲ್ಲ’ ಎಂದ. ಪದ್ಧತಿಯಂತೆ ಎಲ್ಲರೂ ಎದ್ದು ಮನೆಗೆ ಹೋದರು. ಅಧಿಕಾರಿಗಳು ಖಾಲಿ ಬೆಂಚುಗಳಿಗೆ ಭಾಷಣ ಮಾಡಿ, ಅಪ್ಪನನ್ನು ಜೀಪಿನಲ್ಲಿ ಹಾಕಿಕೊಂಡು ಹೋದರು. ಏಳು ವಾರದ ಮೇಲೆ ಅವನು ಎರಡು ಹಲ್ಲು ಕಡಿಮೆಯಾಗಿ ಬಂದ. ಊರಿನ ಹೊಲ ಊರಿನವರಿಗೇ ಉಳಿಯಿತು. ಆಗ ಹದಿನಾಲ್ಕು ವರ್ಷದ ಲೋದಾ ಆ ಮಾತನ್ನು ಅಪ್ಪನ ಆಸ್ತಿಯೆಂದೇ ತೆಗೆದುಕೊಂಡಳು. ಅಣ್ಣಂದಿರಿಗೆ ಹೊಲ ಹೋಯಿತು, ಅವಳಿಗೆ ‘ಒಪ್ಪೋದಿಲ್ಲ’ ಬಂತು.

ಈಗ ಬಂದದ್ದು ಶಾಲೆಯ ಪ್ರಶ್ನೆ. ಹದಿನಾಲ್ಕು ಮಕ್ಕಳಿಗಾಗಿ ಶಾಲೆ ನಡೆಸಲು ಆಗುವುದಿಲ್ಲ, ಜೂನ್ ಕೊನೆಗೆ ಮುಚ್ಚುತ್ತೇವೆ ಎಂದು ಪಂಚಾಯತಿ ಕಚೇರಿಯಿಂದ ಕಾಗದ ಬಂದಿತ್ತು. ಬೇಕಾದರೆ ಕಟ್ಟಡ ಕೊಡುತ್ತೇವೆ, ಊರಿನವರೇ ನಡೆಸಿಕೊಳ್ಳಲಿ ಎಂಬ ಮಾತೂ ಅದರಲ್ಲಿತ್ತು. ನಡೆಸಬೇಕೆಂದರೆ ಸೋರುವ ಚಾವಣಿ ರಿಪೇರಿಯಾಗಬೇಕು, ಚಳಿಗಾಲಕ್ಕೆ ಕಲ್ಲಿದ್ದಲು ಬೇಕು. ಊರಿನ ಹತ್ತಿರ ಇದ್ದದ್ದು ಗೋಮಾಳ ಒಂದೇ. ಅದನ್ನು ಹೊಳೆಯಾಚೆಯ ಹಾಲಿನ ವ್ಯಾಪಾರಿ ಝೆನೊನ್ ಹಿಡಿದಿದ್ದ, ಹಾಲಿನ ದರ ಬರೀ ಗ್ರೋಷ್ ಎಂಬ ಚಿಲ್ಲರೆ ಕಾಸುಗಳಲ್ಲಿದ್ದ ಕಾಲದ ಬಾಡಿಗೆಗೆ. ಬಾಡಿಗೆ ಏರಿಸುವ ವಿಷಯ ಪ್ರತಿ ಸಭೆಯಲ್ಲೂ ಬರುತ್ತಿತ್ತು, ಒಪ್ಪಿಗೆಯೂ ಆಗುತ್ತಿತ್ತು. ಆಮೇಲೆ ಬೀದಿದೀಪವೋ ಕೆರೆಯೋ ಬಂದು, ಅತ್ತೆಯ ಗಂಟು ಬಿಚ್ಚಿ, ಎಲ್ಲದರ ಜೊತೆ ಅದೂ ಬಿದ್ದುಹೋಗುತ್ತಿತ್ತು. ಈ ಸಲ ಬಾಡಿಗೆ ಏರಿಸಿ ಆ ಹಣವನ್ನು ಶಾಲೆಗೆ ಕೊಡಬೇಕೆಂದು ಅನಾತೊಲ್ ಮೇ ತಿಂಗಳ ಎರಡನೇ ಭಾನುವಾರ ಸಭೆ ಕರೆದಿದ್ದ. ಅಂದು ಮೂವತ್ತೆರಡು ಮನೆ ಒಪ್ಪದಿದ್ದರೆ ಶಾಲೆ ಇಲ್ಲ.

ಆ ಶಾಲೆಯ ಏಕೈಕ ಟೀಚರು ಹಾಲಿನಾ. ಮದುವೆಯಾಗಿ ಈ ಊರಿಗೆ ಬಂದು ಇಪ್ಪತ್ತು ವರ್ಷ. ಲೆಕ್ಕ, ಹಾಡು, ಇತಿಹಾಸ ಎಲ್ಲ ಅವಳದೇ. ಏಪ್ರಿಲ್‌ನಲ್ಲಿ ಅವಳು ಕೊಕ್ಕರೆ ಮನೆಗೆ ಹೋದಳು. ಲೋದಾ ಅತ್ತೆ ಒಲೆಯಿಂದ ಆಗ ತಾನೇ ತೆಗೆದ ಆಲೂಗಡ್ಡೆ ಕಡುಬನ್ನು ಕೊಯ್ದು ಮುಂದಿಟ್ಟಳು. ಟೀಚರು ಬಾಯಿ ತೆರೆಯುವ ಮೊದಲೇ ಅಂದಳು:

“ಸ್ಕೂಲ್ ವಿಷಯ ತಾನೇ? ತಿನ್ನು ಮೊದ್ಲು.”

“ಅತ್ತೆ, ಈ ಸಲ ಒಂದೇ ಒಂದು ಸಲ...”

“ಯಾರ್ಯಾರ ಮನೇಲಿ ಮಾತಾಡಿದೀರಾ?”

“ಎಲ್ಲರ ಮನೇಲೂ.”

“ನನ್ನ ಮನೆ ಎಷ್ಟನೇದು?”

ಹಾಲಿನಾಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. “ಮೂವತ್ತೆರಡನೇದು,” ಎಂದಳು.

“ನೋಡಿದ್ಯಾ! ಮೂವತ್ತೊಂದು ಮನೇಲಿ ಕೂತು ಪ್ಲಾನು ಮಾಡಿ, ಕೊನೇಲಿ ನನ್ನ ಹತ್ರ ಸೀಲು ಒತ್ತಿಸ್ಕೊಳ್ಳಕ್ಕೆ ಬಂದಿದೀರಾ. ನಾನೇನು ಪೋಸ್ಟಾಫೀಸಾ?”

“ನಿಮ್ಮನ್ನ ಮೊದ್ಲು ಕೇಳಿದ್ರೆ ಮೊದ್ಲೇ ಬೇಡ ಅಂತಿದ್ರಿ.”

“ಅಂತಿದ್ದೆ. ಆದ್ರೆ ಕೇಳ್ಬೇಕಿತ್ತು. ಇನ್ನೊಂದು ತುಂಡು ಹಾಕ್ಕೋ, ಹುಳಿಕೆನೆ ಅಲ್ಲಿದೆ.”

ಹಾಲಿನಾ ಎರಡು ತುಂಡು ತಿಂದು, ಆಶ್ವಾಸನೆ ಒಂದೂ ಸಿಗದೆ ಮನೆಗೆ ಹೋದಳು. ಬಾಗಿಲು ಹಾಕಿಕೊಂಡ ಮೇಲೆ ಲೋದಾ ಅತ್ತೆಗೆ ಸ್ವಲ್ಪ ಹೊತ್ತು ಏನೋ ಚುರುಕ್ಕೆಂದಿತು. ಟೀಚರು ಒಳ್ಳೆಯವಳು. ಆದರೆ ಅಪ್ಪನ ಆಸ್ತಿಯನ್ನು ಆಲೂಗಡ್ಡೆ ಕಡುಬಿನ ಮುಂದೆ ಕೂತು ಬಿಟ್ಟುಕೊಡಲಾಗುತ್ತದೆಯೇ?

ಏಪ್ರಿಲ್ ಕೊನೆಯ ಶನಿವಾರ ಝೆನೊನ್ ಬಂದ. ಪ್ರತಿ ವರ್ಷ ಸಭೆಗೆ ಮುಂಚೆ ಬರುವಂತೆ ಈ ವರ್ಷವೂ ಸೆಂಕಾಚ್ ತಂದಿದ್ದ. ಬೆಂಕಿಯ ಮುಂದೆ ತಿರುಗುವ ಕೋಲಿನ ಮೇಲೆ ಹಿಟ್ಟು ಸುರಿದು ಸುರಿದು, ಪದರದ ಮೇಲೆ ಪದರ ಕಟ್ಟಿ ಬೇಯಿಸಿದ, ಪೈನ್ ಮರದಂತೆ ಮುಳ್ಳುಮುಳ್ಳಾದ ಕೇಕು. ಈ ಸಲದ್ದು ಒಂದು ಮೊಳ ಎತ್ತರವಿತ್ತು.

“ಲೋದಾ ಅತ್ತೆ, ಮೊನ್ನೆ ನನ್ನ ಹೆಂಡ್ತಿಗೆ ಹೇಳ್ತಿದ್ದೆ, ಇಡೀ ಜಿಲ್ಲೇಲಿ ತಲೆ ಬಗ್ಗಿಸ್ದೇ ಇರೋ ಜೀವ ಅಂದ್ರೆ ಅದೊಂದೇ ಅಂತ.”

“ಕುತ್ತಿಗೆ ನೋವಪ್ಪ, ಬಗ್ಗಲ್ಲ.”

“ಅಯ್ಯೋ, ತಮಾಷೆ ಬಿಡಿ. ಈ ಕಾಲದಲ್ಲಿ ಬೇಡ ಅನ್ನೋ ಧೈರ್ಯ ಯಾರಿಗಿದೆ? ನಿಮ್ಮಂಥವರಿಂದ ಈ ಊರಿಗೆ ಮಾನ. ನೀವು ಮಾತ್ರ ಯಾವತ್ತೂ ಬದಲಾಗ್ಬಾರ್ದು.”

ಲೋದಾ ಅತ್ತೆಗೆ ಖುಷಿಯಾಯಿತು, ಯಾಕೆ ಸುಳ್ಳು ಹೇಳಬೇಕು. ಊರಿನವರು ಅವಳನ್ನು ಕಂಡರೆ ನಿಟ್ಟುಸಿರು ಬಿಡುತ್ತಿದ್ದರು. ಹೊಳೆಯಾಚೆಯವನೊಬ್ಬ ಕೇಕು ತಂದು ಮಾನವೆನ್ನುತ್ತಿದ್ದ. ಅವಳು ಅವನಿಗೆ ಒಂದು ಬಾಟಲಿ ಜೇನು ಕೊಟ್ಟು ಕಳಿಸಿದಳು.

ಮೇ ಮೂರರ ರಾಷ್ಟ್ರೀಯ ಹಬ್ಬದ ದಿನ ಚರ್ಚಿನ ಪೂಜೆ ಮುಗಿದ ಮೇಲೆ ಊರೆಲ್ಲ ಶಾಲೆಯಲ್ಲಿ ಸೇರಿತ್ತು. ಬಹುಶಃ ಇದೇ ಕೊನೆಯ ಸಲ ಎಂದು ತಾಯಂದಿರು ಕರವಸ್ತ್ರ ಸಿದ್ಧವಾಗಿಟ್ಟುಕೊಂಡಿದ್ದರು. ಲೋದಾ ಅತ್ತೆ ಮೊದಲ ಸಾಲಿನಲ್ಲೇ ಕೂತಳು. ಯಾರನ್ನು ಕಂಡೂ ಹಿಂದಿನ ಸಾಲಿಗೆ ಹೋಗುವ ಪದ್ಧತಿ ಅವಳಿಗಿರಲಿಲ್ಲ.

ನಾಟಕದ ಹೆಸರು ‘ನಮ್ಮ ರಾಜ್ಯ ಹೇಗೆ ಹೋಯಿತು’. ಬಾಲ್ಟಿಕ್ ಕಡಲಿನಿಂದ ಹೆಚ್ಚುಕಡಿಮೆ ಕಪ್ಪು ಸಮುದ್ರದವರೆಗೆ ಹರಡಿದ್ದ ರಾಜ್ಯವನ್ನು ಎರಡು ಹಾಸಿಗೆ ಹೊದಿಕೆಗಳನ್ನು ಸೇರಿಸಿ ಹೊಲಿದು ನೆಲಕ್ಕೆ ಹಾಸಿದ್ದರು. ಅದರ ಮೇಲೆ ಹತ್ತು ಮಕ್ಕಳು ಅಂಟಿಸಿದ ಮೀಸೆ, ಮರದ ಕತ್ತಿಗಳೊಂದಿಗೆ ಮಹಾಸಭೆ ನಡೆಸಿದರು. ಹೊದಿಕೆಯ ಹೊರಗೆ ಬಂಗಾರದ ಕಾಗದದ ಕಿರೀಟ ಹಾಕಿಕೊಂಡ ಮೂವರು ನಿಂತಿದ್ದರು: ರಷ್ಯ, ಪ್ರಶ್ಯ, ಆಸ್ಟ್ರಿಯ.

“ಸೈನ್ಯ ಬೇಕು!” ಎಂದ ಒಬ್ಬ ಮೀಸೆಯವನು.

“ಸೈನ್ಯಕ್ಕೆ ತೆರಿಗೆ ಹಾಕೋಣ!” ಎಂದ ಇನ್ನೊಬ್ಬ.

ಆಗ ಕೊನೆಯ ಪಾತ್ರ ಎದ್ದಿತು. ಅನಾತೊಲ್‌ನ ಮಗಳು, ಒಂಬತ್ತು ವರ್ಷದವಳು. ಅವಳಿಗೆ ಮೀಸೆ ಇರಲಿಲ್ಲ. ಅದರ ಬದಲು ತಲೆಗೆ ಕಂದು ಹೂವಿನ ಸ್ಕಾರ್ಫು. ಅವಳು ಗಲ್ಲದ ಕೆಳಗೆ ಕೈ ಹಾಕಿ, ಗಂಟು ಬಿಚ್ಚಿ, ಮತ್ತೆ ಕಟ್ಟಿ, ತುದಿಗಳನ್ನು ಎಳೆದು, ಕೆಮ್ಮಿದಳು.

ಸೇರಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಅನಾತೊಲ್ ಕುರ್ಚಿಯ ಕೆಳಗೆ ಏನೋ ಹುಡುಕುವವನಂತೆ ಬಗ್ಗಿದ. ಹಾಲಿನಾ ನಾಟಕದ ಕಾಗದವನ್ನು ಅವಸರವಾಗಿ ತಿರುವಿದಳು. ಸ್ಕಾರ್ಫಿನ ವಿಷಯ ಅವಳಿಗೂ ಗೊತ್ತಿರಲಿಲ್ಲ, ಅದು ಮಕ್ಕಳದೇ ಸ್ವಂತ ಕಾಣಿಕೆ.

ಎಲ್ಲರಿಗಿಂತ ಜೋರಾಗಿ ನಕ್ಕವಳು ಲೋದಾ ಅತ್ತೆ. “ತುದಿ ಎಳೆಯೋದು ಎಡಗೈಯಿಂದ ಮೊದ್ಲು, ಪುಟ್ಟಿ!” ಎಂದು ಕೂತಲ್ಲಿಂದಲೇ ತಿದ್ದಿದಳು.

“ಒಪ್ಪೋದಿಲ್ಲ!” ಎಂದಿತು ಪುಟ್ಟ ಲೋದಾ. ಮೀಸೆಗಳೆಲ್ಲ ಚದುರಿದವು. ತಕ್ಷಣ ಹೊದಿಕೆಯ ಹೊರಗಿದ್ದ ಮೂರು ಕಿರೀಟಗಳು ಬಾಗುತ್ತಾ ಬಂದವು. ಮೂವರ ಕೈಯಲ್ಲೂ ರಟ್ಟಿನ ಕೇಕು.

“ನೀನೇ ಸ್ವಾತಂತ್ರ್ಯದ ಸಿಂಹ!” ಎಂದಿತು ಪ್ರಶ್ಯ.

“ನಿನ್ನಿಂದಲೇ ಈ ನಾಡಿಗೆ ಮಾನ!” ಎಂದಿತು ಆಸ್ಟ್ರಿಯ.

“ನೀನು ಯಾವತ್ತೂ ಬದಲಾಗಬಾರದು!” ಎಂದು ರಷ್ಯ ಅವಳ ಕೆನ್ನೆಗೆ ಮುತ್ತಿಟ್ಟಿತು. ಆಮೇಲೆ ಮೂವರೂ ಹೊದಿಕೆಯ ಒಂದೊಂದು ಮೂಲೆ ಹಿಡಿದು ಎಳೆಯತೊಡಗಿದರು. ಹೊಲಿಗೆ ಪರ್ರನೆ ಬಿಟ್ಟುಕೊಂಡಿತು. ಕೊನೆಗೆ ಸ್ಕಾರ್ಫಿನ ಹುಡುಗಿ ಬರೀ ನೆಲದ ಮೇಲೆ, ತೋಳಿನ ತುಂಬ ಕೇಕು ಹಿಡಿದುಕೊಂಡು ಒಬ್ಬಳೇ ನಿಂತಿದ್ದಳು.

ಜನ ಇನ್ನೂ ನಗುತ್ತಲೇ ಇದ್ದರು. ಲೋದಾ ಅತ್ತೆ ಮಾತ್ರ ನಿಲ್ಲಿಸಿದ್ದಳು.

ಎಲ್ಲರೂ ಹೊರಗೆ ಚಹ ಕುಡಿಯುತ್ತಿದ್ದಾಗ ಅವಳು ಚಹದ ಲೋಟ ಹಿಡಿದು ತರಗತಿಯಲ್ಲೇ ಉಳಿದಳು. ಹಾಲಿನಾ ಕೈ ಹಿಸುಕಿಕೊಳ್ಳುತ್ತಾ ಬಂದಳು.

“ಅತ್ತೆ, ಕ್ಷಮಿಸ್ಬೇಕು. ಆ ಸ್ಕಾರ್ಫು ನಾನು ಹೇಳಿದ್ದಲ್ಲ.”

“ಸ್ಕಾರ್ಫು ಬಿಡು. ಆ ಕೇಕು ಯಾರು ಹೇಳಿದ್ದು?”

“ಕೇಕು ನಾಟಕಕ್ಕೆ. ವಿಷಯ ನಿಜ. ನಮ್ಮ ಸಭೇಲಿ ಒಬ್ಬ ಬೇಡ ಅಂದ್ರೆ ಎಲ್ಲ ನಿಲ್ಲೋ ಪದ್ಧತಿ ಹಾಗೇ ಉಳೀಲಿ ಅಂತ ನೆರೆಯವರು ತಮ್ಮತಮ್ಮಲ್ಲೇ ಒಪ್ಪಂದ ಮಾಡ್ಕೊಂಡಿದ್ರು. ಅದನ್ನ ತೆಗೆಯಕ್ಕೆ ನಾವು ಹೊರಟ್ರೆ ಅವರು ಸೈನ್ಯ ತೋರಿಸ್ತಿದ್ರು. ನಮ್ಮ ‘ಬೇಡ’ನ ನಮಗಿಂತ ಜೋಪಾನವಾಗಿ ಕಾಪಾಡಿದ್ದು ಅವರೇ.”

ಲೋದಾ ಅತ್ತೆ ಜಗಳಕ್ಕೆ ನಿಂತಳು, ಯಾಕೆಂದರೆ ಜಗಳವಾಡದೆ ಅವಳಿಗೆ ಯೋಚಿಸಲು ಬರುತ್ತಿರಲಿಲ್ಲ.

“ಅಲ್ಲ ಟೀಚರೇ, ಅಷ್ಟು ದೊಡ್ಡ ರಾಜ್ಯ ಒಬ್ಬನ ಬಾಯಿಂದ ಹೋಯ್ತು ಅಂತೀಯಲ್ಲ. ಸ್ವೀಡನ್‌ನವರು ಬಂದು ಲೂಟಿ ಹೊಡೆದದ್ದು ಎಲ್ಲಿ ಹೋಯ್ತು? ದೊಡ್ಡ ಜಮೀನ್ದಾರರು ತಮ್ಮ ತಮ್ಮದೇ ಸೈನ್ಯ ಇಟ್ಕೊಂಡು ರಾಜನ್ನ ಕುಣಿಸಿದ್ದು? ರೈತನ್ನ ದನದ ಹಾಗೆ ನೆಲಕ್ಕೆ ಕಟ್ಟಿಹಾಕಿದ್ದು?”

“ಅದೆಲ್ಲಾನೂ ಕಾರಣಾನೇ. ಒಂದೇ ಗಾಯದಿಂದ ಅಷ್ಟು ದೊಡ್ಡ ಪ್ರಾಣಿ ಸಾಯಲ್ಲ. ಆದ್ರೆ ಗಾಯಕ್ಕೆ ಪಟ್ಟಿ ಕಟ್ಟೋಣ ಅಂತ ಕೂತಾಗೆಲ್ಲ ಒಬ್ಬ ಎದ್ದು ಬೇಡ ಅಂತಿದ್ದ. ಎಷ್ಟೋ ಸಲ ಅವನು ಬಡವ, ಹಿಂದೆ ಯಾವನೋ ಜಮೀನ್ದಾರ. ಅವನನ್ನ ಯಾಕಪ್ಪ ಬೇಡ ಅಂತ ಕೂರಿಸ್ಕೊಂಡು ಕೇಳೋ ಹಾಗಿರ್ಲಿಲ್ಲ. ಹೇಳ್ದೇ ಎದ್ದು ಹೋದ್ರೂ ನಡೀತಿತ್ತು.”

“ನಮ್ಮಪ್ಪನಿಗೆ ಯಾರೂ ಕೇಕು ತಂದಿರ್ಲಿಲ್ಲ,” ಎಂದಳು ಲೋದಾ ಅತ್ತೆ ಥಟ್ಟನೆ.

“ನಿಮ್ಮಪ್ಪ ಅಂದಿದ್ದು ಬಂದೂಕಿನ ಎದುರಿಗೆ, ಅತ್ತೆ. ಅದನ್ನ ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳ್ತೀನಿ.”

ಇದು ಲೋದಾ ಅತ್ತೆಗೆ ಗೊತ್ತಿರಲಿಲ್ಲ. ಅವಳು ಮೂಗು ಒರೆಸಿಕೊಂಡು ಕೇಳಿದಳು: “ಹಾಗಾದ್ರೆ ಅವ್ರಿಗೆ ಬೇರೆ ದಾರೀನೇ ಇರ್ಲಿಲ್ವಾ?”

“ಇತ್ತು. ಆಪತ್ತು ಬಂದಾಗ ಒಕ್ಕೂಟ ಕಟ್ತಿದ್ರು. ಸೇರಿದವರೆಲ್ಲ ಸಹಿ ಹಾಕಿ ಆಣೆ ಇಡೋದು. ಒಕ್ಕೂಟದ ಸಭೇಲಿ ಬಹುಮತ ನಡೀತಿತ್ತು, ಒಬ್ಬ ಬೇಡ ಅಂದ್ರೂ ಮುರೀತಿರ್ಲಿಲ್ಲ. ಕೊನೇಲಿ ಇದೇ ಮೇ ಮೂರಕ್ಕೆ ಆ ದಾರೀಲೇ ಹೊಸ ಸಂವಿಧಾನ ತಂದು ‘ಬೇಡ’ನೇ ತೆಗೆದುಹಾಕಿದ್ರು.”

“ಮತ್ತೆ?”

“ತಡವಾಗಿತ್ತು. ನಾಲ್ಕು ವರ್ಷದಲ್ಲಿ ನಕ್ಷೆ ಮೇಲೆ ನಾವೇ ಇರ್ಲಿಲ್ಲ. ಮತ್ತೆ ಬರಕ್ಕೆ ನೂರಿಪ್ಪತ್ಮೂರು ವರ್ಷ ಬೇಕಾಯ್ತು.”

“ಬಂದ್ವಲ್ಲ,” ಎಂದಳು ಲೋದಾ ಅತ್ತೆ. ಎದ್ದು, ಉಳಿದಿದ್ದ ಅರ್ಧ ಲೋಟ ಚಹವನ್ನು ಟೀಚರ ಕೈಗೆ ಕೊಟ್ಟು ಹೊರಟುಹೋದಳು. ಸಭೆಯಲ್ಲಿ ಏನು ಮಾಡುತ್ತಾಳೆಂದು ಹೇಳಲಿಲ್ಲ. ಹಾಲಿನಾಳಿಗೆ ಕೇಳುವ ಧೈರ್ಯ ಬರಲಿಲ್ಲ.

ಸಭೆಯ ಭಾನುವಾರ ಅಗ್ನಿಶಾಮಕ ಠಾಣೆಯಲ್ಲಿ ಕುರ್ಚಿ ಹಾಕಿದ್ದರು. ಮೂವತ್ತೆರಡು ಮನೆಯೂ ಬಂದಿತ್ತು. ಹಾಲಿನಾ ಗೋಡೆಗೆ ಒರಗಿ ನಿಂತಿದ್ದಳು. ಅನಾತೊಲ್ ಕಾಗದ ಓದಿದ: ಗೋಮಾಳದ ಬಾಡಿಗೆ ಈಗಿನ ದರಕ್ಕೆ, ಬಂದ ಹಣ ಶಾಲೆಗೆ, ಶಾಲೆ ಊರಿಗೆ. ಓದಿ ಮುಗಿಸಿ ಕನ್ನಡಕ ತೆಗೆದು, ಹಲ್ಲಿನ ಡಾಕ್ಟರ ಮುಂದೆ ಕೂತವನಂತೆ ಕಣ್ಣು ಮುಚ್ಚಿಕೊಂಡು ಕೇಳಿದ:

“ಯಾರಾದ್ರೂ ವಿರೋಧ ಇದೀರಾ?”

ಅರವತ್ತು ಕಣ್ಣುಗಳು ಲೋದಾ ಅತ್ತೆಯ ಗಲ್ಲದ ಮೇಲೆ ನಾಟಿದವು. ಅವಳ ಕೈ ಮೇಲೆದ್ದಿತು. ಗಂಟು ಬಿಚ್ಚಿತು. ಹಿಂದಿನ ಸಾಲಿನಲ್ಲಿ ಆಗಲೇ ಎರಡು ಕುರ್ಚಿ ಮಡಚಿಕೊಂಡವು.

ಅವಳು ಸ್ಕಾರ್ಫನ್ನು ಪೂರ್ತಿ ತೆಗೆದು ಮಡಿಲಲ್ಲಿಟ್ಟುಕೊಂಡಳು. ಸಭೆಯೇ ಬೆಚ್ಚಿತು. ಅವಳ ಕೂದಲಿನ ಬಣ್ಣ ಏನೆಂದು ಊರಿನ ಅರ್ಧ ಜನಕ್ಕೆ ಆವತ್ತೇ ತಿಳಿದದ್ದು.

“ಚಳಿಗಾಲದಲ್ಲಿ ಬೆಳಗ್ಗೆ ಒಲೆ ಯಾರು ಹಚ್ತೀರಾ?” ಎಂದು ಕೇಳಿದಳು.

ಅನಾತೊಲ್ ಒಂದು ಕಣ್ಣು ತೆರೆದ. “ಸರದಿ ಮೇಲೆ, ಅತ್ತೆ. ವಾರಕ್ಕೊಂದು ಮನೆ.”

“ಬರೆದಿಟ್ಟಿದೀಯಾ?”

“ಬರೀತೀನಿ.”

“ಈಗ್ಲೇ ಬರಿ. ನನ್ನ ಮನೆ ಮೊದಲ್ನೇದು ಹಾಕು, ಮೂವತ್ತೆರಡನೇದಲ್ಲ.” ಅನಾತೊಲ್ ಬರೆದ. “ಆಯ್ತು. ಒಪ್ಪಿದೆ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದೇನು ಮಾಡಬೇಕೆಂದೇ ಯಾರಿಗೂ ತಿಳಿಯಲಿಲ್ಲ. ಸರ್ನೊವೊದ ಸಭೆ ಇಷ್ಟು ದೂರ ಬಂದು ಎಷ್ಟೋ ವರ್ಷವಾಗಿತ್ತು. ಅನಾತೊಲ್ ನಡಾವಳಿ ಪುಸ್ತಕದ ಹಾಳೆ ತಿರುವಿದ. ಒಪ್ಪಿಗೆ ಬರೆಯುವ ಹಾಳೆಗಳು ಹಳೆಯದಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಅವನು ಬೆರಳಿಗೆ ಎಂಜಲು ಹಚ್ಚಿ ಬಿಡಿಸುತ್ತಿದ್ದಾಗ ಹಿಂದಿನಿಂದ ಒಂದು ಸಣ್ಣ ದನಿ ಬಂತು.

“ಒಪ್ಪೋದಿಲ್ಲ.”

ಗಡ್ಡದ ಮನೆಯ ಗೆನೆಕ್ ಎದ್ದು ನಿಂತಿದ್ದ. ಮುಖ ಬೀಟ್‌ರೂಟ್ ಸಾರಿನ ಬಣ್ಣಕ್ಕೆ ತಿರುಗಿತ್ತು. ಹಾಲಿನಾ ಗೋಡೆಗೆ ತಲೆ ಆನಿಸಿದಳು. ಅಭ್ಯಾಸಬಲದಿಂದ ಜನ ಏಳತೊಡಗಿದರು, ಕುರ್ಚಿಗಳು ಪಟಪಟವೆಂದವು.

“ಕೂತ್ಕೊಳ್ರೋ!” ಎಂದು ಲೋದಾ ಅತ್ತೆ ಗದರಿದಳು. ಕೂತರು. ಅವಳು ಪೂರ್ತಿ ತಿರುಗಿ ಗೆನೆಕ್‌ನನ್ನು ನೋಡಿದಳು. ತನ್ನದೇ ಕೋಟು ಹಾಕಿಕೊಂಡು ಓಡಾಡುವ ಅಪರಿಚಿತನನ್ನು ಸಂತೆಯಲ್ಲಿ ಕಂಡಂತಿತ್ತು ಆ ನೋಟ.

“ಯಾಕೆ ಒಪ್ಪಲ್ಲ?”

“ಒಪ್ಪಲ್ಲ ಅಂದ್ರೆ ಒಪ್ಪಲ್ಲ. ಕಾರಣ ಹೇಳ್ಬೇಕು ಅಂತ ಎಲ್ಲಿದೆ? ನೀವು ಕೆರೆ ಹೂಳಿಗೆ ಏನು ಕಾರಣ ಹೇಳಿದ್ರಿ?”

ಹತ್ತೊಂಬತ್ತು ಸಭೆಗಳಲ್ಲಿ ಯಾರೂ ಅವಳನ್ನು ಇದನ್ನು ಕೇಳಿರಲಿಲ್ಲ.

“ಆವತ್ತು ನಿಮ್ಮ ಅಪ್ಪನ ಮೇಲೆ ಸಿಟ್ಟಿತ್ತು,” ಎಂದಳು ಲೋದಾ ಅತ್ತೆ. “ನನ್ನ ಹಸೂನ ಕುಂಟಿ ಅಂದಿದ್ದ. ತಪ್ಪು ನಂದೇ. ಕೆರೇಲಿ ಈಗ ಕಪ್ಪೇನೂ ಮುಳುಗಲ್ಲ, ಆಯ್ತಾ? ಈಗ ನಿನ್ನದು ಹೇಳು.”

ಗೆನೆಕ್ ಟೋಪಿಯನ್ನು ಹಿಂಡಿ ಹಿಂಡಿ ನೀರು ತೆಗೆಯುವವನಂತೆ ನಿಂತ. “ಅತ್ತೆ, ನಾನು ಝೆನೊನ್ ಅವರ ಟ್ಯಾಂಕರ್ ಓಡಿಸ್ತೀನಿ. ಎದ್ದು ಬೇಡ ಅನ್ನು ಅಂದ್ರು. ನಂದೇ ಎರಡು ಮಕ್ಕಳು ಆ ಸ್ಕೂಲಲ್ಲಿವೆ. ನಾನೇನ್ ಮಾಡ್ಲಿ?”

ಗೆನೆಕ್‌ನ ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ಮನೆಗೆ ಹೋದ ಮೇಲೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿದ್ದಂತೆ ಕಂಡಿತು.

“ನೀನು ಅಂದಾಯ್ತು. ಅನಾತೊಲ್, ಇವನು ಬೇಡ ಅಂದ ಅಂತ ಬರ್ಕೋ, ಇವನ ಕೆಲಸಕ್ಕೆ ಕುತ್ತು ಬರ್ಬಾರ್ದು,” ಎಂದಳು ಲೋದಾ ಅತ್ತೆ. “ಈಗ ನಾನು ಹೇಳೋದು ಕೇಳಿ. ನಾವು ಒಕ್ಕೂಟ ಕಟ್ತಿದೀವಿ.”

“ಏನು ಕಟ್ತಿದೀವಿ?”

“ಒಕ್ಕೂಟ. ನಮ್ಮ ಹಿರಿಯರು ಕಟ್ತಿದ್ರು. ಟೀಚರನ್ನ ಕೇಳು, ಸುಳ್ಳಾದ್ರೆ. ಸೇರೋರು ಸಹಿ ಹಾಕೋದು. ಸೇರಿದ್ಮೇಲೆ ಹೆಚ್ಚು ಕೈ ಎಲ್ಲಿ ಎತ್ತುತ್ತೋ ಅದೇ ನಡೆಯೋದು. ಪದ್ಧತಿ ಮುರೀತಿಲ್ಲ. ಇದೂ ಪದ್ಧತೀನೇ, ಅದಕ್ಕಿಂತ ಹಳೇದು ಇರ್ಬೋದು.”

ಪದ್ಧತಿಯೆಂದ ಮೇಲೆ ಸರ್ನೊವೊಕ್ಕೆ ನೆಮ್ಮದಿಯಾಯಿತು. ಶಾಲೆ ಉಳಿಸುವ ಆಸೆ ಎಲ್ಲರಿಗೂ ಇತ್ತು. ಆದರೆ ಪೂರ್ವಜರ ಅಪ್ಪಣೆಯಿಲ್ಲದೆ ಬಹುಮತಕ್ಕೆ ಇಳಿಯುವುದು ಕುಲೀನರಿಗೆ ಅವಮಾನ. ಎಲ್ಲರೂ ಹಾಲಿನಾಳ ಕಡೆ ನೋಡಿದರು. ಅವಳು ಹೌದು ಹೌದೆಂದು ಕತ್ತು ಆಡಿಸಿದಳು.

“ಒಂದು ಷರತ್ತಿದೆ,” ಎಂದು ಅತ್ತೆ ಬೆರಳೆತ್ತಿದಳು. “ಬೇಡ ಅನ್ನೋನು ಎದ್ರೆ ಅವನ ಮಾತು ಪೂರ್ತಿ ಕೇಳ್ಬೇಕು. ಅವನು ಕಾರಣ ಹೇಳ್ಬೇಕು, ನೀವು ಬಾಯಿ ಮುಚ್ಕೊಂಡು ಕೇಳ್ಬೇಕು. ಆಮೇಲೆ ಕೈ ಎಣಿಸಿ. ಐವತ್ತೆರಡರಲ್ಲಿ ಮೂವತ್ತೊಂದು ಮನೆ ತಲೆ ಆಡಿಸಿತ್ತು, ಮರೀಬೇಡಿ. ಒಂದು ಬಾಯಿ ಯಾವಾಗ್ಲೂ ತೆರೆದಿರ್ಬೇಕು.”

ಬೇರೆ ಕಾಗದ ಸಿಗದೆ, ಹೋದ ವರ್ಷದ ನೃತ್ಯಕೂಟದ ಪೋಸ್ಟರಿನ ಹಿಂಬದಿಯಲ್ಲಿ ಒಕ್ಕೂಟ ಕಟ್ಟಿದರು. ಮೂವತ್ತೊಂದು ಮನೆಯವರೂ ‘ಸರ್ನೊವ್ಸ್ಕಿ’ ಎಂದು ಸಹಿ ಹಾಕಿದ್ದರಿಂದ ಯಾರದು ಯಾವುದೆಂದು ತಿಳಿಯದೆ, ಪಕ್ಕದಲ್ಲಿ ಸುತ್ತಿಗೆ, ಕೊಕ್ಕರೆ, ಗೂಬೆ, ಮೂಲಂಗಿ ಇತ್ಯಾದಿ ಬರೆಯಬೇಕಾಯಿತು. ರಾಜ್ಯದ ಚರಿತ್ರೆಯಲ್ಲಿ ಇಷ್ಟು ತರಕಾರಿಗಳಿದ್ದ ಒಕ್ಕೂಟ ಇನ್ನೊಂದಿರಲಾರದು. ಆಮೇಲೆ ಕೈ ಎತ್ತಿದರು. ಪರ ಮೂವತ್ತೊಂದು, ವಿರೋಧ ಒಂದು. ಅನಾತೊಲ್ ಅಂಟಿಕೊಂಡಿದ್ದ ಹಾಳೆಯನ್ನು ಹರಿದೇ ಬಿಡಿಸಿದ. ಹಾಲಿನಾ ಅಳುತ್ತಿದ್ದಳು. ಅವಳನ್ನು ಸಮಾಧಾನ ಮಾಡಲು ಹೋದ ಗೆನೆಕ್‌ನ ಹೆಂಡತಿಯೂ ಅಳತೊಡಗಿದಳು. ಲೋದಾ ಅತ್ತೆ ಸ್ಕಾರ್ಫು ಕಟ್ಟಿಕೊಂಡು ಹಸು ಕರೆಯಲು ಹೊತ್ತಾಯಿತೆಂದು ಹೊರಟಳು.

ಝೆನೊನ್ ಒಂದು ವಾರ ಮುಖ ಊದಿಸಿಕೊಂಡಿದ್ದ. ಆಮೇಲೆ ಬಂದು ಹೊಸ ಬಾಡಿಗೆಗೇ ಗೋಮಾಳ ಹಿಡಿದ. ಅಷ್ಟು ಒಳ್ಳೆಯ ಹುಲ್ಲು ಹೊಳೆಯ ಆಚೆ ಈಚೆ ಎಲ್ಲೂ ಇಲ್ಲ. ಗೆನೆಕ್‌ನ ಕೆಲಸ ಉಳಿಯಿತು. ಜುಲೈನಲ್ಲಿ ಶಾಲೆಯ ಚಾವಣಿ ಹತ್ತಿದವನು ಅವನೇ. ಎತ್ತರಕ್ಕೆ ಹೆದರದ ಗಂಡಸು ಸರ್ನೊವೊದಲ್ಲಿ ಅವನೊಬ್ಬನೇ, ಹೆಂಡತಿಗೆ ಹೆದರುವುದರಲ್ಲಿ ಮಾತ್ರ ಎಲ್ಲರಂತೆ. ಸೆಪ್ಟೆಂಬರ್ ಒಂದಕ್ಕೆ ಶಾಲೆ ತೆರೆದಾಗ ಹದಿನಾಲ್ಕಲ್ಲ, ಹದಿನೇಳು ಮಕ್ಕಳಿದ್ದರು. ಮೂವರು ಹೊಳೆಯಾಚೆಯಿಂದ ಬಂದಿದ್ದರು, ಅದರಲ್ಲಿ ಒಬ್ಬಳು ಝೆನೊನ್‌ನ ಮೊಮ್ಮಗಳು.

ಬಿಯಾವಿಸ್ತೋಕ್‌ನ ಪತ್ರಿಕೆಯೊಂದು ವರದಿ ಮಾಡಲು ಒಬ್ಬ ಹುಡುಗಿಯನ್ನು ಕಳಿಸಿತ್ತು. ಹಾಲಿನಾ ಅವಳಿಗೆ ಎಲ್ಲವನ್ನೂ ಹೇಳಿದ್ದಳು: ಹಳೆಯ ಮಹಾಸಭೆ, ಒಂಟಿ ಬೇಡ, ನೆರೆಯ ಮೂರು ಕಿರೀಟ, ಐವತ್ತೆರಡರ ಅಪ್ಪ, ಒಕ್ಕೂಟ. ಆ ಹುಡುಗಿ ಕಣ್ಣರಳಿಸಿಕೊಂಡು ಕೊಕ್ಕರೆ ಮನೆಯ ಬೇಲಿಯ ಹತ್ತಿರ ಬಂದಳು. ಲೋದಾ ಅತ್ತೆ ಜೇನುಪೆಟ್ಟಿಗೆಯ ಮುಂದೆ ಬಗ್ಗಿದ್ದಳು.

“ಅಮ್ಮಾ, ಇಡೀ ರಾಜ್ಯವೇ ನೂರಾರು ವರ್ಷ ಮಾಡಿದ ತಪ್ಪನ್ನ ನೀವು ಒಂದೇ ಮಧ್ಯಾಹ್ನದಲ್ಲಿ ತಿದ್ದಿದ್ರಿ ಅಂತ ಟೀಚರು ಹೇಳಿದ್ರು. ಆ ಗಳಿಗೇಲಿ ನಿಮ್ಮ ಮನಸ್ಸಲ್ಲಿ ಏನಿತ್ತು? ಚರಿತ್ರೆನಾ? ದೇಶನಾ?”

ಲೋದಾ ಅತ್ತೆ ನಿಧಾನಕ್ಕೆ ಸೊಂಟ ನೆಟ್ಟಗೆ ಮಾಡಿದಳು.

“ಸ್ಕೂಲ್ ಮುಚ್ಚಿದ್ರೆ ಪೇಟೆ ಸ್ಕೂಲಿನ ಬಸ್ ಬರ್ತಿತ್ತು ಕಣಮ್ಮ. ಸ್ಟಾಪು ಇಲ್ಲೇ, ನನ್ನ ಕಿಟಕಿ ಕೆಳಗೆ. ದಿನಾ ಬೆಳಗ್ಗೆ ಆರು ಗಂಟೆಗೆ ಹದಿನಾಲ್ಕು ಮಕ್ಕಳು ಕಿರಿಚಿಕೊಂಡು ನಿಂತ್ರೆ ಯಾರು ನಿದ್ದೆ ಮಾಡ್ತಾರೆ?”